ಗಾಣಕ್ಕೆ ಬಿದ್ದ ಮದುವೆಗಳು

ನನ್ನ ಮೈದುನ ಓಂಕಾರಮೂರ್ತಿ ಊಟದ ಪಂಕ್ತಿಯಲ್ಲಿ ಒಂದು ಎಲೆಯನ್ನೂ ಬಿಟ್ಟವನಲ್ಲ. ಉಣ್ಣುವುದರಲ್ಲಿ ಅಲ್ಲ, ವಿಡಿಯೋ ಹಿಡಿಯುವುದರಲ್ಲಿ. ಮದುವೆ ಮನೆಯಲ್ಲಿ ಮೊದಲ ಎಲೆಯಿಂದ ಕೊನೆಯ ಎಲೆಯವರೆಗೆ ಕ್ಯಾಮೆರಾ ಹೊತ್ತು ಒಂದೊಂದೇ ಹೆಜ್ಜೆ ಇಡುತ್ತಾ ಹೋಗುತ್ತಿದ್ದ. ತುತ್ತು ಬಾಯಿಗೆ ಹೋಗುವ ಹೊತ್ತಿಗೆ ಸರಿಯಾಗಿ ಲೈಟು ಮುಖಕ್ಕೆ ಬೀಳುತ್ತಿತ್ತು.

"ಲೇ ಓಂಕಾರಿ, ಬಾಯಿ ತೆಗ್ದಾಗ್ಲೇ ಬರ್ತೀಯಲ್ಲೋ, ನಿಂಗೆ ಬೇರೆ ಹೊತ್ತು ಸಿಗಲ್ವಾ?" ಎಂದು ಗಂಡಸರು ಬೈಯುತ್ತಿದ್ದರು.

"ಬಾಯಿ ಮುಚ್ಕೊಂಡು ಯಾರು ಉಣ್ತಾರೆ ಮಾವ?" ಎಂದು ಇವನು ಮುಂದಿನ ಎಲೆಗೆ ಸರಿಯುತ್ತಿದ್ದ.

ನಾನು ಬಿ.ಜಿ. ಕೆರೆಯ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿ ಸ್ಲೇಟು ಒಗೆದವಳು. ಮದುವೆಯಾಗಿ ಚಳ್ಳಕೆರೆಗೆ ಬಂದಾಗ ಓಂಕಾರಿ ಚಡ್ಡಿ ಬಿಟ್ಟು ಪ್ಯಾಂಟಿಗೆ ಬಂದಿದ್ದನಷ್ಟೆ. ಆಗ ಮಾವನವರ ಎಣ್ಣೆ ಮಿಲ್ಲು ಜೋರಾಗಿತ್ತು. ಶೇಂಗಾ ಸುಗ್ಗಿಯಲ್ಲಿ ಹಿತ್ತಲಿನವರೆಗೂ ಚೀಲಗಳು, ಗೋಡೆ ಮುಟ್ಟಿದರೂ ಕೈಗೆ ಎಣ್ಣೆ. ನಮ್ಮ ಯಜಮಾನರು ಮುರುಗೇಂದ್ರಪ್ಪನವರು ಹಿರಿಯ ಮಗ, ಮಿಲ್ಲಿಗೆ ನಿಂತರು. ಓಂಕಾರಿಗೆ ಮಿಲ್ಲಿನ ಓಟ ಒಗ್ಗಲಿಲ್ಲ. ಹಮಾಲರು ಒಂದು ಲೋಡು ಇಳಿಸುವಷ್ಟರಲ್ಲಿ ಇವನು ಒಂದು ಚೀಲದ ಬಾಯಿ ಬಿಚ್ಚಿ, ಒಂದು ಕಾಯಿ ಒಡೆದು, ಬೀಜವನ್ನು ಬೆಳಕಿಗೆ ಹಿಡಿದು ನೋಡುತ್ತಾ ಕೂತಿರುತ್ತಿದ್ದ. ಮಾವನವರು ತಲೆ ಚಚ್ಚಿಕೊಂಡು ಬಿಟ್ಟುಬಿಟ್ಟರು.

ಆ ಮಿಲ್ಲಿನಲ್ಲಿ ಒಂದು ಕಟ್ಟು ಇತ್ತು. ಅಮಾವಾಸ್ಯೆ ದಿನ ಯಂತ್ರ ತಿರುಗಬಾರದು. ಬೆಳಿಗ್ಗೆಯೇ ಮೇನ್ ಸ್ವಿಚ್ಚು ಕೆಳಗಿಳಿಸಿ, ಯಂತ್ರಗಳನ್ನು ಒರೆಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಕಾಯಿ ಒಡೆಯಬೇಕು. ಯಜಮಾನರು ತೀರಿಕೊಂಡು ಮಿಲ್ಲು ಮುಚ್ಚಿದರೂ ಆ ಕಟ್ಟು ಮನೆಯಲ್ಲಿ ಉಳಿಯಿತು. ಮಿಕ್ಸಿ, ಹೊಲಿಗೆ ಯಂತ್ರ, ವಾಷಿಂಗ್ ಮಷಿನ್ ಎಲ್ಲಕ್ಕೂ ಆ ದಿನ ರಜೆ. ಒರೆಸಿ ವಿಭೂತಿ ಹಚ್ಚುವುದು ನನ್ನ ಪಾಲಿನ ಕೆಲಸ. ಫ್ರಿಜ್ಜನ್ನು ಮಾತ್ರ ಬಿಟ್ಟಿದ್ದೇವೆ, ಹಾಲು ಕೆಡುತ್ತದೆ.

ಮಿಲ್ಲು ಬಿಟ್ಟ ಓಂಕಾರಿ ಹುಬ್ಬಳ್ಳಿಗೆ ಹೋಗಿ ಹೆಗಲ ಮೇಲೆ ಇಡುವ ದೊಡ್ಡ ಕ್ಯಾಮೆರಾ ತಂದ. ನಮ್ಮತ್ತೆ ಗಂಗಾಂಬಿಕಾ ಅವರ ಹೆಸರಿನಲ್ಲಿ ವಿಡಿಯೋ ಅಂಗಡಿ ಇಟ್ಟ. ಮನೆಯ ಮುಂದಿನ ಕೋಣೆಯೇ ಅಂಗಡಿ. ಸ್ಕೂಟರಿನ ಹಿಂದೆ ಲೈಟಿನ ಕಂಬ ಕಟ್ಟಿಕೊಂಡು ಕೊಂಡ್ಲಹಳ್ಳಿ, ಬಿ.ಜಿ. ಕೆರೆ, ಮೊಳಕಾಲ್ಮೂರು ಎಂದು ಸುತ್ತುತ್ತಿದ್ದ. ವರವು ಕಾವಲಿನ ಹುಲ್ಲುಗಾವಲಿಗೆ ಆಗ ಬೇಲಿ ಇರಲಿಲ್ಲ. ಹುಲ್ಲಿನ ನಡುವಿನ ದಾರಿಯಲ್ಲಿ ಅಡ್ಡ ಹಾಯ್ದು ಬರುವಾಗ ಕೃಷ್ಣಮೃಗ ಕಂಡರೆ ಸ್ಕೂಟರು ನಿಲ್ಲಿಸಿ ಅದನ್ನೂ ಹಿಡಿದುಬಿಡುತ್ತಿದ್ದ. ಹೀಗಾಗಿ ಒಬ್ಬರ ಮದುವೆಯ ಕ್ಯಾಸೆಟ್ಟಿನಲ್ಲಿ ಧಾರೆ ಮುಗಿದ ಕೂಡಲೇ ನಾಲ್ಕು ಜಿಂಕೆ ಓಡುತ್ತವೆ. ಒಂದು ಮದುವೆಗೆ ಬೇರೆಯವರು ಒಂದು ಕ್ಯಾಸೆಟ್ಟು ಕೊಟ್ಟರೆ ಇವನು ಮೂರು ಕೊಡುತ್ತಿದ್ದ. ಒಂದು ಪ್ರತಿಯನ್ನು ತನ್ನ ಹತ್ತಿರವೂ ಇಟ್ಟುಕೊಳ್ಳುತ್ತಿದ್ದ. ಎಲ್ಲರ ಕೈಗೂ ಫೋನು ಬಂದು ಅಂಗಡಿ ಮುಚ್ಚುವ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಮುನ್ನೂರ ಅರವತ್ತು ಕ್ಯಾಸೆಟ್ಟು ಸೇರಿದ್ದವು.

ಆ ಕೋಣೆಯ ಮೇಲೆ ಕಣ್ಣಿಟ್ಟವಳು ಅವನ ಸೊಸೆ ಸ್ವಪ್ನ. ಮೊಳಕಾಲ್ಮೂರಿನ ಹುಡುಗಿ, ಮಗ್ಗದ ಸದ್ದಿನಲ್ಲೇ ಬೆಳೆದವಳು. ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಅವಳ ಕೈ ಬಿಟ್ಟರೆ ಇನ್ನೊಂದಿಲ್ಲ. ಅಡುಗೆಮನೆಯ ಪಕ್ಕದಲ್ಲಿ ಕೂತು ಕಟ್ಟುತ್ತಿದ್ದಳು. ಒಗ್ಗರಣೆ ಹೊಗೆ ಹತ್ತಿದ ಸೀರೆ ಒಯ್ದವರು ಮೂಗು ಮುರಿಯುತ್ತಿದ್ದರು.

"ಮಾವ, ಮುಂದಿನ ಕೋಣೆ ಕೊಡ್ರಿ. ಎರಡು ವರ್ಷದಿಂದ ಕೇಳ್ತಿದೀನಿ. ಆ ಡಬ್ಬಿಗಳ್ನ ನೋಡೋಕೆ ಯಾರಾದ್ರೂ ಬರ್ತಾರಾ?"

"ಬರ್ತಾರಮ್ಮ."

"ಯಾರು? ಜಿರಳೆನಾ?"

ಅವಳು ಹೇಳುವುದೂ ಸರಿಯೇ ಇತ್ತು. ಕೊನೆಗೆ ದಿನ ಗೊತ್ತಾಯಿತು. ಬರುವ ಬಸವ ಜಯಂತಿಗೆ ಅವಳ ಕುಚ್ಚಿನ ಅಂಗಡಿಯ ಪೂಜೆ. ಅಷ್ಟರೊಳಗೆ ಕ್ಯಾಸೆಟ್ಟು ಎಲ್ಲಿಗಾದರೂ ಹೋಗಬೇಕು, ಇಲ್ಲವಾದರೆ ಗುಜರಿಗೆ. ಓಂಕಾರಿ ಅಂದು ಊಟ ಅರ್ಧಕ್ಕೇ ಬಿಟ್ಟು ಎದ್ದ.

ಗುಜರಿ ಅಂಗಡಿಯ ಮಲ್ಲಿಕ್ ಅವನ ಹಳೆಯ ಸ್ನೇಹಿತ. ದಸರಾ ಹಿಂದೆಮುಂದೆ ಒಂದು ದಿನ ಅವನೇ ಒಂದು ಕಪ್ಪು ಡಬ್ಬಿ ಹಿಡಿದು ಬಂದ. ಇಟ್ಟಿಗೆಯಷ್ಟು ದಪ್ಪ, ಮುಂದೆ ಒಂದು ನೀಲಿ ದೀಪ. ಮನೆಯ ವೈಫೈಗೆ ವೈರು ಸಿಕ್ಕಿಸಿದರೆ ಅದರೊಳಗೆ ತುಂಬಿಟ್ಟ ಫೋಟೋ, ಹಾಡು, ಸಿನಿಮಾ ಎಲ್ಲವನ್ನೂ ಮನೆಯ ಯಾವ ಫೋನಿನಲ್ಲಾದರೂ, ಟಿವಿಯಲ್ಲಾದರೂ ನೋಡಬಹುದಂತೆ.

"ಮಾಲು ಪಕ್ಕಾ ಐತೆ ಸಾಬ್. ಸಸ್ತಾ. ಲೇಕಿನ್ ಒಂಚೂರು ಆಸ್ತೆ ಆಸ್ತೆ ನಡೀತೈತೆ."

"ಎಷ್ಟು ನಿಧಾನ?"

"ನಿಮ್ಮಷ್ಟು ಅಲ್ಲ ಬಿಡಿ."

ಓಂಕಾರಿ ನಗುತ್ತಾ ಇಸಿದುಕೊಂಡ. ಇಸಿದುಕೊಂಡ ಮೇಲೆ ಅದರಿಂದ ಏನು ಮಾಡಿಸಬೇಕು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಮೊದಲು ಬೆಳಗಿನ ಪೂಜೆಗೆಂದು ಭಜನೆ ತುಂಬಿದ. ಅದು ಶಿವನೇ ಎಂದು ಕರೆದು ಸುಮ್ಮನಾಗುತ್ತಿತ್ತು. ಅವನ ಹೆಂಡತಿ ಮಂಗಳಗೌರಿ ಆರತಿ ಹಿಡಿದು ನಿಂತು ನಿಂತು ಕೈ ನೋಯಿಸಿಕೊಂಡಳು. ಆಮೇಲೆ ಮಹಡಿಯ ಮೇಲೆ ಒಣಗಲು ಹಾಕಿದ ಸಂಡಿಗೆ ಕಾಯಲು ಸಣ್ಣ ಕ್ಯಾಮೆರಾ ಕಟ್ಟಿ ಡಬ್ಬಿಗೆ ಸೇರಿಸಿದ. ಮಂಗ ಬಂದದ್ದು ಟಿವಿಯಲ್ಲಿ ಕಾಣುವ ಹೊತ್ತಿಗೆ ಮಂಗ ತಿಂದು, ಪಕ್ಕದ ಮನೆಯ ನೀರಿನ ತೊಟ್ಟಿಯಲ್ಲಿ ಕೈ ತೊಳೆದು ಹೋಗಿತ್ತು. ಅವನ ಮಗ ಮುರುಗೇಶ್ ಪಂಪ್‌ಸೆಟ್ ಅಂಗಡಿಯಿಂದ ಬಂದವನು, "ಅಪ್ಪಾ, ಇದನ್ನ ಬಾಗಿಲಿಗೆ ಒತ್ತು ಕೊಡೋಕೆ ಇಡು, ಗಾಳಿಗೆ ಬಡ್ಕೊಳ್ಳಲ್ಲ" ಅಂದ.

ನಾನು ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಗೊರಗೊರ ಎನ್ನುವ ಅದರ ಸದ್ದು ಕೇಳಿ ಕೇಳಿ ನನಗೆ ಅನಿಸಿದ್ದನ್ನು ಹೇಳಿದೆ.

"ಓಂಕಾರಿ, ಇದು ಗಾಣ ಕಣಪ್ಪ. ನೀನು ಮಿಲ್ಲಿನ ಕೆಲಸ ಕೊಡ್ತಿದೀಯ. ಗಾಣಕ್ಕೆ ಒಂದೇ ಸಲ ಸುರೀಬಾರ್ದು. ಒಂದೊಂದ್ ಮೊರ ಹಾಕಿ ಅದರ ಪಾಡಿಗೆ ಬಿಡ್ಬೇಕು."

ಅವನು ನಾನು ಸುಲಿದ ಕಾಳನ್ನು ಒಂದೆರಡು ಬಾಯಿಗೆ ಹಾಕಿಕೊಂಡ. ಆಮೇಲೆ ಎದ್ದು ಮುಂದಿನ ಕೋಣೆಯ ಬೀಗ ತೆಗೆದ ಸದ್ದು ಕೇಳಿಸಿತು.

ಅಂದಿನಿಂದ ಅದು ಗಾಣವೇ ಆಯಿತು. ಹಳೆಯ ಟೇಪು ಓಡಿಸುವ ಯಂತ್ರಕ್ಕೆ ಲ್ಯಾಪ್‌ಟಾಪು ಜೋಡಿಸಿದ. ಕ್ಯಾಸೆಟ್ಟು ಪೂರ್ತಿ ಓಡಿದರೆ ಮದುವೆ ಲ್ಯಾಪ್‌ಟಾಪಿಗೆ ಬರುತ್ತದೆ. ಅಲ್ಲಿಂದ ಗಾಣಕ್ಕೆ ಹೋಗಲು ಮತ್ತಷ್ಟು ಹೊತ್ತು. ಗಾಣಕ್ಕೆ ಹೋದದ್ದನ್ನು ಲ್ಯಾಪ್‌ಟಾಪಿನಿಂದ ಅಳಿಸಬೇಕು, ಅದರಲ್ಲಿ ಜಾಗವಿಲ್ಲ. ದಿನಕ್ಕೆ ಎರಡು ಕ್ಯಾಸೆಟ್ಟು, ಹೆಚ್ಚಿಲ್ಲ ಕಡಿಮೆಯಿಲ್ಲ. ಕರೆಂಟು ಹೋದರೆ ಕೆಲಸ ಕೆಡಬಾರದೆಂದು ಬ್ಯಾಟರಿಯನ್ನೂ ಇಟ್ಟ. ಓಂಕಾರಿಯ ನಡಿಗೆಗೂ ಗಾಣದ ನಡಿಗೆಗೂ ಹೊಂದಿಬಿಟ್ಟಿತು. ಮನೆಯಲ್ಲಿ ಅವನಷ್ಟು ಸಮಾಧಾನದಿಂದ ಇದ್ದವರು ಆ ಚಳಿಗಾಲದಲ್ಲಿ ಯಾರೂ ಇರಲಿಲ್ಲ.

ಕ್ಯಾಸೆಟ್ಟಿನ ಮೇಲಿನ ಚೀಟಿಗಳನ್ನು ಇರುವೆ, ಜಿರಳೆ ತಿಂದಿದ್ದವು. ಯಾರ ಮದುವೆ ಎಂದು ತಿಳಿಯದೆ ಹೆಸರು ಹಾಕುವುದು ಹೇಗೆ? "ಅತ್ತಿಗೆ, ಒಂಚೂರು ಬರ್ರಿ" ಎಂದು ಕರೆಯುತ್ತಿದ್ದ. ಹೋಗಿ ನೋಡುತ್ತಿದ್ದೆ. ಮದುಮಗಳ ಗುರುತು ಸಿಗದಿದ್ದರೂ ಪಂಕ್ತಿಯಲ್ಲಿ ಯಾರಾದರೊಬ್ಬರು ಪರಿಚಯದವರು ಇರುತ್ತಿದ್ದರು. ಮಜ್ಜಿಗೆ ಬಡಿಸುತ್ತಿರುವವರು ಬಿ.ಜಿ. ಕೆರೆಯ ತಿಪ್ಪಯ್ಯ, ಅಂದರೆ ಅವನ ತಂಗಿಯ ಮದುವೆ ಎಂದು ಹಿಡಿದುಬಿಡಬಹುದಿತ್ತು. ಹೆಸರು ಹಾಕಿದ ಮೇಲೆ ಕ್ಯಾಸೆಟ್ಟು ಚೀಲಕ್ಕೆ ಬೀಳುತ್ತಿತ್ತು. ಚೀಲ ತುಂಬಿದರೆ ಸ್ವಪ್ನಳೇ ಮಲ್ಲಿಕ್‌ಗೆ ಫೋನು ಮಾಡುತ್ತಿದ್ದಳು. ಅವಳಿಗೆ ಖಾಲಿಯಾದ ಗೋಡೆ ಕಾಣಬೇಕಿತ್ತು. ಕಂಡಷ್ಟು ಗೋಡೆಗೆ ಸುಣ್ಣವನ್ನೂ ಹೊಡೆಸುತ್ತಾ ಬಂದಳು.

ಅಮಾವಾಸ್ಯೆ ಬಂದಾಗ ಓಂಕಾರಿ ಬೆಳಿಗ್ಗೆಯೇ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿ ಗಾಣವನ್ನು ಮಲಗಿಸುತ್ತಿದ್ದ. ದೀಪ ಆರಿದ ಮೇಲೆ ನಾನು ಒರೆಸಿ ವಿಭೂತಿ ಎಳೆಯುತ್ತಿದ್ದೆ. ಆರು ಅಮಾವಾಸ್ಯೆ ಹೀಗೇ ನಡೆಯಿತು.

ಬಸವ ಜಯಂತಿ ಬರುವುದು ಅಮಾವಾಸ್ಯೆಯಾದ ಮೂರನೇ ದಿನಕ್ಕೆ. ಆ ಅಮಾವಾಸ್ಯೆಗೆ ಇನ್ನೂ ಆರು ಕ್ಯಾಸೆಟ್ಟು ಉಳಿದಿದ್ದವು. ಮೊಳಕಾಲ್ಮೂರಿನಲ್ಲಿ ಅಂದು ಮಗ್ಗಗಳಿಗೂ ರಜೆ, ನೇಕಾರರು ಮನೆಯಲ್ಲೇ ಸಿಗುತ್ತಾರೆ, ಕುಚ್ಚು ಕಟ್ಟಲು ಸೀರೆ ಕೇಳಿ ಬರೋಣ ಎಂದು ಸ್ವಪ್ನ ಮಾವನನ್ನು ಕರೆದುಕೊಂಡು ಬೆಳಗಿನ ಬಸ್ಸಿಗೇ ಹೋದಳು.

ನಾನು ಸ್ನಾನ ಮಾಡಿ ವಿಭೂತಿ ತಟ್ಟೆ ಹಿಡಿದು ಮಿಕ್ಸಿ ಮುಗಿಸಿದೆ, ಹೊಲಿಗೆ ಯಂತ್ರ ಮುಗಿಸಿದೆ, ಮುಂದಿನ ಕೋಣೆಗೆ ಬಂದೆ. ಗಾಣದ ಮೇಲೆ ಒಂದು ಟವೆಲ್ಲು ಹೊದಿಸಿತ್ತು. ಟವೆಲ್ಲಿನ ಕೆಳಗೆ ನೀಲಿ ದೀಪ ಮಿಣಮಿಣ ಎನ್ನುತ್ತಿತ್ತು, ಗೊರಗೊರ ಸದ್ದೂ ಇತ್ತು. ಪಾಪ, ಬಸ್ಸಿನ ಅವಸರದಲ್ಲಿ ನಿಲ್ಲಿಸುವುದನ್ನು ಮರೆತಿದ್ದಾನೆ ಅಂದುಕೊಂಡೆ. ಅಮಾವಾಸ್ಯೆ ದಿನ ತಿರುಗುತ್ತಿದೆಯಲ್ಲಾ ಎಂದು ನನಗೇ ಕಸಿವಿಸಿಯಾಯಿತು. ಗಾಣದ ಬೆನ್ನಿಗಿದ್ದ ವೈರು ಹಿಡಿದು ಎಳೆದೆ. ದೀಪ ಆರಿತು. ಒರೆಸಿ, ವಿಭೂತಿ ಎಳೆದು, ಒಂದು ಹೂವಿಟ್ಟು, ಕೈ ಮುಗಿದು ಅಡುಗೆಮನೆಗೆ ಹೋದೆ.

ಸಂಜೆ ಅವರು ಬಂದರು. ಸ್ವಪ್ನಳ ಕೈಯಲ್ಲಿ ಎಂಟು ಸೀರೆಯ ಗಂಟು, ಮುಖದಲ್ಲಿ ಗೆಲುವು. ಓಂಕಾರಿ ಚಪ್ಪಲಿ ಬಿಟ್ಟವನೇ ಕೋಣೆಗೆ ಹೋದ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನಿಂತ.

"ಅತ್ತಿಗೆ, ಗಾಣ ಮುಟ್ಟಿದ್ರಾ?"

"ಅಮಾಸೆ ಅಲ್ವೇನಪ್ಪಾ. ನೀನು ಮರ್ತಿದ್ದೆ, ನಾನೇ ವೈರ್ ಕಿತ್ತು ನಿಲ್ಸಿದೆ."

"ಮರ್ತಿರ್ಲಿಲ್ಲ" ಅಂದ.

ಹೋಗಿ ವೈರು ಚುಚ್ಚಿದ. ನಾನು ಹಿಂದೆಯೇ ಹೋದೆ. ನೀಲಿ ದೀಪ ಬರಲಿಲ್ಲ. ಕೆಂಪು ದೀಪ ಬಂತು. ಲ್ಯಾಪ್‌ಟಾಪಿನಲ್ಲಿ ಒಂದು ಉದ್ದ ಗೆರೆ, ಅದರ ತುದಿಯಲ್ಲಿ ಸೊನ್ನೆ. ಓಂಕಾರಿ ಕುರ್ಚಿ ಎಳೆದು ಕೂತ. ಕೆಲಸದ ನಡುವೆ ಏಕಾಏಕಿ ನಿಂತದ್ದರಿಂದ ಅದು ಒಳಗಿನದನ್ನೆಲ್ಲ ಮೊದಲಿನಿಂದ ತಡವಿ ನೋಡಿಕೊಳ್ಳುತ್ತಿದೆಯಂತೆ. ನೂರು ಆಗುವವರೆಗೆ ಏನೂ ತೆರೆಯುವಂತಿಲ್ಲ. ನೂರು ಆದ ಮೇಲೆ ಎಲ್ಲವೂ ಇರಬಹುದು. ಇಲ್ಲದೆಯೂ ಇರಬಹುದು.

"ಇಲ್ದೆ ಅಂದ್ರೆ?" ಎಂದಳು ಸ್ವಪ್ನ. ಸೀರೆಯ ಗಂಟು ಇನ್ನೂ ಅವಳ ಕಂಕುಳಲ್ಲೇ ಇತ್ತು. "ಮಾವ, ಕ್ಯಾಸೆಟ್ ಎಲ್ಲಾ ಕೊಟ್ಬಿಟ್ವಲ್ಲ! ಮಲ್ಲಿಕ್ ಹತ್ರ ಇದಾವಾ ಕೇಳ್ಲಾ?"

ಕೇಳಿದಳು. ಮಲ್ಲಿಕ್‌ನ ದನಿ ಫೋನಿನಿಂದ ನಮಗೂ ಕೇಳಿಸಿತು. "ಅದೆಲ್ಲಾ ಲಾರಿ ಹತ್ತಿ ಹೋಯ್ತಲ್ಲಮ್ಮಾ. ಕಬ್ ಕಾ, ಯಾವಾಗ್ಲೋ."

ನೂರಕ್ಕೂ ಹೆಚ್ಚು ಮನೆಗಳ ಮದುವೆ. ನನ್ನ ಮೈದುನ ಮೂವತ್ತು ವರ್ಷ ಬಿಸಿಲಲ್ಲಿ ಅಲೆದು ಹಿಡಿದದ್ದು. ನಾನು ಒಂದು ಬೆರಳಲ್ಲಿ ಕಿತ್ತಿದ್ದೆ.

"ಬೈದ್ಬಿಡೋ ಓಂಕಾರಿ, ಸುಮ್ನೆ ಕೂತ್ಕೋಬ್ಯಾಡ" ಅಂದೆ.

"ಯಾಕ್ ಬೈಲಿ? ಟವೆಲ್ ಹೊದ್ಸಿದ್ದು ನಾನು. ಅವ್ಸರ ಬಿದ್ದು, ಇವತ್ತೊಂದಿನ ಓಡ್ಲಿ, ನಿಮ್ಗೆ ಕಾಣ್ಸಲ್ಲ ಅಂದ್ಕೊಂಡೆ. ಅರವತ್ತೇಳು ವರ್ಷಕ್ಕೆ ಒಂದ್ಸಲ ಅವ್ಸರ ಮಾಡ್ದೆ ನೋಡ್ರಿ."

ರಾತ್ರಿ ಮಲಗುವಾಗ ಗೆರೆಯ ತುದಿಯಲ್ಲಿ ನಾಲ್ಕು ಇತ್ತು. ಬೆಳಿಗ್ಗೆ ಹತ್ತೊಂಬತ್ತು.

ಮಾರನೆಯ ದಿನ ಅವನು ಒಂದು ನೋಟ್‌ಬುಕ್ಕು ತಂದು ನನ್ನ ಎದುರು ಕೂತ. "ಅತ್ತಿಗೆ, ಹೋದ್ರೂ ಹೋಯ್ತು. ಯಾರ್ಯಾರ ಮದ್ವೆ, ಏನೇನಿತ್ತು, ಹೇಳ್ತಾ ಹೋಗ್ರಿ. ಬರ್ಕೊಂತೀನಿ" ಅಂದ. ಬೇರೆ ಕೆಲಸಕ್ಕೂ ಮನಸ್ಸಿರಲಿಲ್ಲ. ಹೇಳುತ್ತಾ ಹೋದೆ. ಕೊಂಡ್ಲಹಳ್ಳಿಯ ಜಂಪಣ್ಣನ ಮದುವೆಯಲ್ಲಿ ಮಳೆ ಬಂದು ಚಪ್ಪರ ಒಂದು ಕಡೆ ಕುಸಿದದ್ದು, ಮದುಮಗನೇ ಕಂಬ ಹಿಡಿದು ನಿಂತದ್ದು. ಮೊಳಕಾಲ್ಮೂರಿನ ನಾಗಭೂಷಣನ ಮದುವೆಯಲ್ಲಿ ತೆಲುಗಿನ ಬೀಗರು ಬಂದು, ಅನ್ನಕ್ಕೆ ಇವರು ಬೇಳೆ ಸಾರು ಎಂದರೆ ಅವರು ಗಟ್ಟಿ ಬೇಳೆಯ ಪಪ್ಪು ಎಂದು, ಎರಡೂ ಬಂದು ಎಲೆ ತುಂಬಿ ಹರಿದದ್ದು. ಅವನು ಬರೆಯುತ್ತಿದ್ದ, ನಡುನಡುವೆ ಗೆರೆಯ ಕಡೆ ನೋಡುತ್ತಿದ್ದ. ನಲವತ್ತೊಂದು. ನಲವತ್ತಮೂರು.

ಸ್ವಪ್ನ ಕುಚ್ಚು ಕಟ್ಟುವ ಸೀರೆ ಹಿಡಿದು ಬಂದು ಬಾಗಿಲಲ್ಲಿ ಕೂತಳು. ಒಂದೆರಡು ಎಳೆ ಹೆಣೆದಳು. ಆಮೇಲೆ ಕೇಳಿದಳು.

"ದೊಡ್ಡತ್ತೆ, ಆ ನಾಗಭೂಷಣ ಅವ್ರ ಹೆಂಡ್ತಿ ಧಾರೆ ಸೀರೆ ಯಾವ್ದು?"

"ಈರುಳ್ಳಿ ಬಣ್ಣ. ಅಂಚು ಅರಿಶಿನ. ಸೆರಗಲ್ಲಿ ನವಿಲು."

"ಕುಚ್ಚು?"

"ಈಗಿನಂಗೆ ಮಣಿ ಗಿಣಿ ಇಲ್ಲಮ್ಮ. ಸೆರಗಿನ ಎಳೇನೇ ಜಡೆ ಹೆಣ್ದಂಗೆ ಹೆಣ್ದು, ಕೆಳಗೆ ಒಂದಕ್ಕೊಂದು ಕಿಲಿ ಹಾಕಿದ್ರು."

"ಕಿಲಿ ಅಂದ್ರೆ ಹೆಂಗೆ?"

ನನಗೆ ಬಾಯಲ್ಲಿ ಹೇಳಲು ಬರಲಿಲ್ಲ. ಎರಡು ಕೈ ಬೆರಳು ಸೇರಿಸಿ ತೋರಿಸಿದೆ. ಅವಳಿಗೆ ಅರ್ಥವಾಗಲಿಲ್ಲ. ಅವಳು ಎಳೆಯಲ್ಲಿ ಹಾಕಿ ತೋರಿಸಿದಳು, ಅದು ಹಾಗಿರಲಿಲ್ಲ. ಮತ್ತೊಂದು ಥರ ಹಾಕಿದಳು. ಅದೂ ಅಲ್ಲ.

"ನೋಡಿದ್ರೆ ಗೊತ್ತಾಗ್ತಿತ್ತು" ಎಂದಳು. ಹೇಳಿದ ಮೇಲೆ ತಾನೇ ತಲೆ ತಗ್ಗಿಸಿದಳು. "ನಮ್ಮಜ್ಜಿ ಹಂಗೇ ಕಟ್ತಿದ್ಲಂತೆ. ನಮ್ಮವ್ವಂಗೂ ಬರಲ್ಲ ಈಗ. ಒಂದೊಂದ್ ಚೀಲಾನೂ ನಾನೇ ಫೋನ್ ಮಾಡಿ ಕಳ್ಸಿದೆನಲ್ಲ ಮಾವ."

ಓಂಕಾರಿ ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. "ಬರ್ತೈತೆ ತಾಯಿ. ಅದರ ಕೈಲಿ ಆದಂಗೆ ಬರ್ತೈತೆ. ಇನ್ನೇನು ಅರ್ಧ ಆಯ್ತು" ಅಂದ.

ಆ ಎರಡು ದಿನ ಕೋಣೆಯ ಕೆಲಸ ನಿಂತೇಹೋಯಿತು. ಸುಣ್ಣದವನು ಬಂದರೆ ಸ್ವಪ್ನಳೇ ಬೇಡವೆಂದು ಕಳಿಸಿದಳು, ಧೂಳು ಗಾಣಕ್ಕೆ ಹೋಗುತ್ತದೆಂದು. ಅವಳು ಎಂಟು ಸೀರೆಗಳಲ್ಲಿ ಮೂರಕ್ಕೆ ಕುಚ್ಚು ಮುಗಿಸಿದ್ದು ಆ ಕೆಂಪು ದೀಪದ ಮುಂದೆಯೇ.

ಬಸವ ಜಯಂತಿ ಬೆಳಿಗ್ಗೆ ನಾನು ರಂಗೋಲಿ ಹಾಕುತ್ತಿದ್ದೆ. ಒಳಗಿನಿಂದ ಮಂಗಳಗೌರಿ ಕೂಗಿದಳು, "ಅಕ್ಕಾ, ನೀಲಿ ಬಂತು!" ರಂಗೋಲಿ ಬಟ್ಟಲು ಅಲ್ಲೇ ಬಿಟ್ಟು ಓಡಿದೆ. ಓಂಕಾರಿ ಸ್ನಾನವನ್ನೂ ಮಾಡದೆ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಒಂದರ ಕೆಳಗೆ ಒಂದು ಹೆಸರುಗಳು ಬರತೊಡಗಿದವು. ಅವನು ಬೆರಳಿಟ್ಟು ಓದುತ್ತಾ ನೋಟ್‌ಬುಕ್ಕಿಗೆ ತಾಳೆ ನೋಡಿದ. ತಾಳೆ ನೋಡುವುದರಲ್ಲೂ ಒಂದು ಎಲೆ ಬಿಡಲಿಲ್ಲ, ಎರಡು ತಾಸು ಹಿಡಿಯಿತು. ಒಂದು ಮದುವೆ ಮಾತ್ರ ಅರ್ಧಕ್ಕೆ ನಿಂತಿತ್ತು, ನಾನು ವೈರು ಕಿತ್ತಾಗ ಗಾಣದಲ್ಲಿದ್ದದ್ದು. ಅದರ ಕ್ಯಾಸೆಟ್ಟು ಇನ್ನೂ ಟೇಪಿನ ಯಂತ್ರದ ಹೊಟ್ಟೆಯಲ್ಲೇ ಇತ್ತು. ಉಳಿದವೆಲ್ಲ ಇದ್ದವು.

ಅವನು ಕನ್ನಡಕ ತೆಗೆದು ಟವೆಲ್ಲಿನಿಂದ ಒರೆಸಿಕೊಂಡ. ಕಣ್ಣನ್ನೂ ಅದರಲ್ಲೇ ಒರೆಸಿಕೊಂಡದ್ದನ್ನು ನಾನು ನೋಡಿದೆ, ಸ್ವಪ್ನಳೂ ನೋಡಿದಳು. ಅವಳೇ ಎದ್ದು ಗಾಣವನ್ನು ಎರಡೂ ಕೈಯಲ್ಲಿ ಮುಟ್ಟಿ ನೋಡಿದಳು, ಬಿಸಿಯಾಗಿತ್ತಂತೆ.

"ಇದು ಇಲ್ಲೇ ಇರ್ಲಿ ಮಾವ. ಇದೇ ಗೋಡೆಗೆ ಹಲಗೆ ಹೊಡಿಸ್ತೀನಿ. ಟಿವಿನೂ ಇಲ್ಲೇ ಬರ್ಲಿ."

"ನಿನ್ನ ಅಂಗಡಿಗೆ ಜಾಗ ಸಾಲ್ಬೇಕಲ್ಲಮ್ಮ."

"ಇಟ್ಟಿಗೆಯಷ್ಟು ಜಾಗ ಸಾಲಲ್ವಾ? ನಿಮ್ಮ ಕುರ್ಚಿ ಜಾಗದ್ದೇ ಯೋಚ್ನೆ."

ಪೂಜೆ ಹತ್ತು ಗಂಟೆಗೆ ಆಯಿತು. ಮುರುಗೇಶ್ ಟಿವಿ ತಂದು ಗೋಡೆಗೆ ಕಟ್ಟಿದ. ಪಾನಕ ಕೋಸಂಬರಿ ಹಂಚುವ ಹೊತ್ತಿಗೆ ಕೊಂಡ್ಲಹಳ್ಳಿಯಿಂದ ಉಚ್ಚಂಗೆಮ್ಮ ಮೊಮ್ಮಗಳ ನಿಶ್ಚಿತಾರ್ಥದ ಸೀರೆ ಹಿಡಿದು ಬಂದಳು. ಮೊದಲ ಗಿರಾಕಿ. ಹಸಿರು ಸೀರೆ, ಮೊಳಕಾಲ್ಮೂರಿನದೇ. ಸ್ವಪ್ನ ಫೋನಿನಲ್ಲಿ ಹತ್ತು ಥರದ ಕುಚ್ಚು ತೋರಿಸಿದಳು. ಉಚ್ಚಂಗೆಮ್ಮ ಒಂದಕ್ಕೂ ಹೂಂ ಎನ್ನಲಿಲ್ಲ.

"ಇವೆಲ್ಲಾ ದನದ ಕೊರಳಿಗೆ ಕಟ್ಟೋ ಗೊಂಡೆ ಇದ್ದಂಗ್ ಐತೆ ಕಣವ್ವಾ. ಹಳೇ ಕಾಲದ್ದು ಬರಲ್ವಾ ನಿಂಗೆ?"

ಸ್ವಪ್ನ ನನ್ನ ಮುಖ ನೋಡಿದಳು. ಆಮೇಲೆ ಮಾವನ ಕಡೆ ತಿರುಗಿ, "ಮಾವ, ನಾಗಭೂಷಣ ಅವ್ರ ಧಾರೆ ಹಾಕ್ರಿ" ಅಂದಳು.

ಓಂಕಾರಿ ಹಾಕಿದ. ಗಾಣ ಗೊರಗೊರ ಎಂದಿತು. ಎಲ್ಲರೂ ಪಾನಕದ ಲೋಟ ಹಿಡಿದು ಕಾದರು. ಮದುಮಗಳು ಬಂದಳು, ಈರುಳ್ಳಿ ಬಣ್ಣದ ಸೀರೆ. ಯಾರೋ ಹಿಂದಿನಿಂದ ಸೆರಗು ಸರಿಮಾಡಿದರು. ಸೆರಗು ಕ್ಯಾಮೆರಾದ ಮುಂದೆ ಹಾಯುವಾಗ ಚಿತ್ರ ಕಲ್ಲಿನಂತೆ ನಿಂತುಬಿಟ್ಟಿತು. ಜಡೆ, ಅದರ ಕೆಳಗೆ ಕಿಲಿ, ಎಳೆ ಎಳೆ ಎಣಿಸುವಷ್ಟು.

"ಹೂಂ ಕಣೇ, ಇದೇ!" ಎಂದು ಉಚ್ಚಂಗೆಮ್ಮ ಲೋಟ ಕೆಳಗಿಟ್ಟಳು.

ಸ್ವಪ್ನ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು. ಕೈಯಲ್ಲಿ ನಾಲ್ಕು ಎಳೆ ಹಿಡಿದು ಒಳಗೆ, ಹೊರಗೆ, ಮತ್ತೆ ಒಳಗೆ ಎಂದು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. "ಗೊತ್ತಾಯ್ತು ದೊಡ್ಡತ್ತೆ! ಕಿಲಿ ಹಿಂದ್ಗಡೆಯಿಂದ ಹೋಗ್ತೈತೆ! ಮಾವ, ಸರಿಯಾಗಿ ನಿಲ್ಸಿದ್ರಿ, ಇನ್ನೊಂಚೂರು ಹಂಗೇ ಹಿಡ್ಕೊಳ್ರಿ."

"ನಾನೆಲ್ಲಿ ನಿಲ್ಸಿದೀನಮ್ಮ" ಎಂದ ಓಂಕಾರಿ, ಕೋಸಂಬರಿ ಬಾಯಿಗೆ ಹಾಕಿಕೊಳ್ಳುತ್ತಾ. "ಅದೇ ನಿಂತೈತೆ. ನೀನು ಬೇಗ ಬೇಗ ನೋಡ್ಕೋ, ಯಾವಾಗ ಹೊರಡ್ತೈತೋ ನಂಗೂ ಗೊತ್ತಿಲ್ಲ."